ಮನೆಯ ಯಂತ್ರ: ಒತ್ತಿದ್ದೊಂದು, ತೆರೆದದ್ದೊಂದು

ಯುಗಾದಿ ಊಟದ ಸಾಲಿನಲ್ಲಿ ಇಬ್ಬರು ಮಿತ್ರರು ನಮ್ಮನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಡೆಸ್ಕ್‌ಟಾಪಿನ ಮೇಲೆ ಒಂದನ್ನು ಒತ್ತಿದರೆ ಇನ್ನೊಂದು ತೆರೆಯುತ್ತದಲ್ಲ, ಏನು ಮಾಡೋಣ?" ಕೈಯಲ್ಲಿ ಹೋಳಿಗೆ ಇದ್ದುದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ನಮಗೂ ಈ ಫಜೀತಿ ಆಗಿತ್ತು. ೨೦೧೨ರ ಚಳಿಗಾಲ, ತಿಪಟೂರಿನಿಂದ ಅತ್ತೆ ಆರು ತಿಂಗಳಿಗೆಂದು ಅಮೆರಿಕಕ್ಕೆ ಬಂದಿದ್ದರು. ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಸ್ಕೈಪಿನಲ್ಲಿ ಊರಿನ ಮಗಳು ಮೊಮ್ಮಕ್ಕಳ ಮುಖ ನೋಡುವುದು ಅವರಿಗೆ ವಾರದ ಹಬ್ಬ. (ಆ ಸ್ಕೈಪ್ ೨೦೨೫ರ ಮೇ ತಿಂಗಳಲ್ಲಿ ಮುಚ್ಚಿತು.) ಒಂದು ಭಾನುವಾರ ಸ್ಕೈಪ್ ಒತ್ತಿದರೆ ನೋಟ್‌ಪ್ಯಾಡ್ ತೆರೆಯಿತು, ಅದರ ತುಂಬ ಅರ್ಥವಿಲ್ಲದ ಅಕ್ಷರಗಳು. ಬ್ರೌಸರ್ ಒತ್ತಿದರೂ ಅದೇ. ವರ್ಡ್ ಒತ್ತಿದರೂ ಅದೇ. "ಅತ್ತೆ, ಏನು ಒತ್ತಿದಿರಿ?" ಎಂದು ಕೇಳಿಬಿಟ್ಟೆವು. "ನಾನೇನೂ ಮುಟ್ಟಿಲ್ಲಮ್ಮ" ಎಂದವರು ಮತ್ತೆ ಆ ಕುರ್ಚಿಯ ಹತ್ತಿರ ಬರಲಿಲ್ಲ.

ರಿಪೇರಿ ಅಂಗಡಿಯವರು ವೈರಸ್ ಎಂದರು. ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕಂತೆ. ತೀರಿಕೊಂಡ ಮಾವನವರ ಫೋಟೋಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ. ಯಂತ್ರವನ್ನು ಹಾಗೇ ಮನೆಗೆ ಹೊತ್ತು ತಂದೆವು.

ಬಿಡಿಸಿದ್ದು ನಮ್ಮ ಸಂಘದ್ದೇ ಒಬ್ಬ ಕಾಲೇಜು ಹುಡುಗ. ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಕ್ಯಾಲ್ಕ್' ಎಂದು ಟೈಪ್ ಮಾಡಿದ. ಕ್ಯಾಲ್ಕ್ಯುಲೇಟರ್ ಸರಿಯಾಗಿ ತೆರೆಯಿತು. ಅಂದರೆ ಪ್ರೋಗ್ರಾಂ ಕೆಟ್ಟಿಲ್ಲ, ಅದಕ್ಕೆ ದಾರಿ ತೋರಿಸುವುದು ಕೆಟ್ಟಿದೆ. ಮೂಲೆಯಲ್ಲಿ ಸಣ್ಣ ಬಾಣವಿರುವ ಚಿತ್ರ ಪ್ರೋಗ್ರಾಂ ಅಲ್ಲ, ವಿಳಾಸ ಬರೆದ ಚೀಟಿ. ಆ ಚೀಟಿ ಒಂದು ಪುಟ್ಟ ಫೈಲು, ಅದರ ಬಾಲ 'ಎಲ್‌ಎನ್‌ಕೆ'. ಎಲ್‌ಎನ್‌ಕೆ ಫೈಲುಗಳನ್ನೆಲ್ಲ ನೋಟ್‌ಪ್ಯಾಡಿಗೆ ಕೊಡು ಎಂದು ಯಾರೋ ನಿಯಮ ಮಾಡಿಬಿಟ್ಟರೆ, ವಿಂಡೋಸ್ ಚೀಟಿಯಲ್ಲಿರುವ ವಿಳಾಸಕ್ಕೆ ಹೋಗುವುದನ್ನು ಬಿಟ್ಟು ಚೀಟಿಯನ್ನೇ ಬಿಚ್ಚಿ ತೋರಿಸುತ್ತದೆ. ನಾವು ಕಂಡ ವಿಚಿತ್ರ ಅಕ್ಷರಗಳು ಅವೇ.

ಅವನು ಅದೇ ಪೆಟ್ಟಿಗೆಯಿಂದ 'ರೆಜ್‌ಎಡಿಟ್' ತೆರೆದ. ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಒತ್ತಿ ಒಂದು ಪ್ರತಿ ತೆಗೆದಿಟ್ಟ. ಇದನ್ನು ದಯವಿಟ್ಟು ಮರೆಯಬೇಡಿ. ಬಳಿಕ ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್ಟ್ಸ್ ಎಂದು ಒಂದೊಂದೇ ಮೆಟ್ಟಿಲು ಇಳಿದು, ಎಲ್‌ಎನ್‌ಕೆ ಒಳಗಿನ 'ಯೂಸರ್‌ಚಾಯ್ಸ್' ಒಂದನ್ನೇ ಅಳಿಸಿದ. ಯಂತ್ರ ಆರಿಸಿ ಹಚ್ಚಿದಾಗ ಎಲ್ಲ ಮೊದಲಿನಂತೆ. ಹತ್ತು ನಿಮಿಷದ ಕೆಲಸ. ನಮ್ಮದು ವಿಂಡೋಸ್ ೭. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ೨೦೨೦ರ ಜನವರಿಯಲ್ಲೇ ನಿಂತಿದೆ, ಇನ್ನೂ ಇಟ್ಟುಕೊಂಡವರು ಬದಲಾಯಿಸುವುದು ಒಳ್ಳೆಯದು.

ಎಲ್ಲ ಚಿತ್ರಗಳೂ ಒಂದೇ ಕಡೆ ಹೋದರೆ ಮಾತ್ರ ಈ ಔಷಧ. ಒಂದೇ ಒಂದು ದಾರಿ ತಪ್ಪಿದ್ದರೆ ಅದರ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ 'ಟಾರ್ಗೆಟ್' ಸಾಲು ಓದಿ. ಬ್ರೌಸರಿನ ಚೀಟಿಯಾದರೆ ಸಾಲಿನ ಕೊನೆಗೆ ಯಾವುದಾದರೂ ಅಪರಿಚಿತ ತಾಣದ ವಿಳಾಸ ಅಂಟಿದೆಯೇ ನೋಡಿ. ಇದ್ದರೆ ಅಷ್ಟನ್ನು ಅಳಿಸಿ, ವೈರಸ್ ತಪಾಸಣೆಯನ್ನೂ ಮಾಡಿ. ಪಿಡಿಎಫ್ ಕಡತಗಳು ಮಾತ್ರ ಬೇರೆಡೆ ತೆರೆದರೆ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಆ್ಯಪ್ಸ್'ನಲ್ಲಿ ಬದಲಿಸಿದರೆ ಸಾಕು.

ಹೊರಡುವಾಗ ಹುಡುಗ ಕೇಳಿದ: "ಅಂಕಲ್, ಯಾರಾದ್ರೂ 'ಓಪನ್ ವಿತ್' ಪಟ್ಟಿಯಲ್ಲಿ ನೋಟ್‌ಪ್ಯಾಡ್ ಆರಿಸಿದ್ರಾ?" ಶನಿವಾರ ರಾತ್ರಿ ತೆರೆಯದ ಒಂದು ಚಿತ್ರದ ಜತೆ ಗುದ್ದಾಡುತ್ತ ಆರಿಸಿದವರು ನಾವೇ. 'ಯಾವಾಗಲೂ ಇದರಲ್ಲೇ ತೆರೆ' ಎಂಬ ಸಾಲಿನ ಟಿಕ್ಕನ್ನು ತೆಗೆಯದೆ ಬಿಟ್ಟವರೂ ನಾವೇ. ಅತ್ತೆಗೆ ಹೋಗಿ ಹೇಳಿದೆವು. "ಹೋಗ್ಲಿ ಬಿಡ್ರಪ್ಪ" ಎಂದರು. ಮುಂದಿನ ಭಾನುವಾರ ಕಾಫಿ ಲೋಟದ ಜತೆ ಕುರ್ಚಿಗೆ ಬಂದರು. ಆದರೆ ಇಲಿಯನ್ನು ಮಾತ್ರ ಮುಟ್ಟಲಿಲ್ಲ. ಊರಿಗೆ ಹೊರಡುವ ದಿನದವರೆಗೂ ನಮ್ಮ ಕೈಯಲ್ಲೇ ಒತ್ತಿಸಿದರು.