ಹೋಂ ನರ್ಸಿನ ಬೆನ್ನಿಗೆ ಯಾರು ಹೊಣೆ?

ಗಂಡುಮಕ್ಕಳು ಗಲ್ಫಿನಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಹಾಸಿಗೆ ಹಿಡಿದ ಉಮ್ಮನನ್ನು ನೋಡಿಕೊಳ್ಳಲು ಹೋಂ ನರ್ಸ್ ಬರುತ್ತಾರೆ. ಕರಾವಳಿಯಿರಲಿ, ನಾವು ಕಲಿಸುವ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಡೆಯಿರಲಿ, ಸಂಬಳ ಎಷ್ಟು ಅಂತ ಕೇಳುತ್ತೇವೆ. ರೋಗಿಯನ್ನು ಎತ್ತಿ ಕೂರಿಸಲು ಕಲಿತಿದ್ದೀರಾ ಅಂತ ಕೇಳುವುದಿಲ್ಲ.

ಎತ್ತುವುದಕ್ಕೂ ಕ್ರಮವಿದೆ. ಬೆನ್ನಲ್ಲ, ಮೊಣಕಾಲು ಬಗ್ಗಿಸಬೇಕು. ರೋಗಿಯನ್ನು ಮೈಗೆ ಹತ್ತಿರ ಹಿಡಿಯಬೇಕು. ಸೊಂಟ ತಿರುಚದೆ ಪಾದ ತಿರುಗಿಸಬೇಕು. ಭಾರ ಜಾಸ್ತಿಯಿದ್ದರೆ ಇಬ್ಬರು ಬೇಕೇ ಬೇಕು. ಬಳಸಿದ ಇನ್ಸುಲಿನ್ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಆಗಿರಬೇಕು. ಏಜೆನ್ಸಿಯವರು ಇದನ್ನೆಲ್ಲ ಕಲಿಸಿಯೇ ಕಳಿಸಬೇಕು.

'ಇದು ಮನೆ, ಆಸ್ಪತ್ರೆಯಲ್ಲ' ಅನ್ನಬೇಡಿ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ವಾಸದ ಮನೆಯೂ ಕೆಲಸದ ಸ್ಥಳವೇ. ದೂರು ಕೊಡಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದೂ ಅದು ಹೇಳುತ್ತದೆ. ಇದೂ ಆಕೆಗೆ ಗೊತ್ತಿರಲಿ.

ಆಕೆಯ ಸೊಂಟ ಹೋದರೆ ಅಲ್ಲೊಂದು ಮನೆಯ ಒಲೆ ಆರುತ್ತದೆ. ಕೈ ಜಾರಿದರೆ ಬೀಳುವುದು ನಮ್ಮ ಉಮ್ಮ. ಜಮಾಅತ್ ಕಮಿಟಿಗಳು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ ಅರ್ಧ ದಿನದ ತರಬೇತಿ ಇಡಲಿ. ಹೋಂ ನರ್ಸಿನ ಜೊತೆ ಮನೆಯವರೊಬ್ಬರೂ ಕೂತು ಕಲಿಯಲಿ.