ಸೀಟಿ ಕೇಳಿದರೆ ಬ್ರೇಕ್ ಒತ್ತಬೇಕು

ನಮ್ಮ ಸಂತೆಗುಳಿ ಕಡೆ ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಸೀಟಿ ಊದಿದರೆ, ಎಷ್ಟೇ ಹಳೆಯ ಡ್ರೈವರ್ ಆದರೂ ಬ್ರೇಕ್ ಒತ್ತುತ್ತಾನೆ. ಯಾಕೆ ಎಂದು ಆಮೇಲೆ ಕೇಳುತ್ತಾನೆ.

2010ರ ಮೇ 22ರ ಬೆಳಿಗ್ಗೆ ಬಜಪೆಯಲ್ಲಿ ಹೀಗಾಗಲಿಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ತೀರಾ ಎತ್ತರದಿಂದ ಇಳಿಯಿತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದರು. ಅಂದರೆ ಇಳಿಸಬೇಡಿ, ಮೇಲೆತ್ತಿ ಇನ್ನೊಂದು ಸುತ್ತು ಹಾಕಿ ಎಂದು. ಹತ್ತು ಸಾವಿರ ಗಂಟೆ ಹಾರಿದ್ದ ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ವಿಮಾನ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಉಳಿದವರು 8 ಮಂದಿ. ಯಂತ್ರ ಕೆಟ್ಟಿರಲಿಲ್ಲ.

2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲೂ ಸಹ ಪೈಲಟ್ ‘ಗೋ ಅರೌಂಡ್’ ಅಂದಿದ್ದರು. ಅಲ್ಲಿ 21 ಜನ ಹೋದರು.

ಸಿಮ್ಯುಲೇಟರ್ ಅಂದರೆ ನೆಲದ ಮೇಲೇ ಇರುವ ಕಾಕ್‌ಪಿಟ್. ಮಳೆ, ಅಡ್ಡಗಾಳಿ, ಎಂಜಿನ್ ಬೆಂಕಿ ಎಲ್ಲವನ್ನೂ ಅದರಲ್ಲಿ ತರಿಸಬಹುದು. ತಪ್ಪಾದರೆ ಯಾರೂ ಸಾಯುವುದಿಲ್ಲ, ಮತ್ತೆ ಮೊದಲಿಂದ ಶುರು. ನಮ್ಮ ದೇಶದ ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆಯೂ ಇದೆ.

ಆದರೆ ಕೈ ಪಳಗಿದರೆ ಸಾಲದು, ಕಿವಿಯೂ ಪಳಗಬೇಕು. ಕಿರಿಯ ಪೈಲಟ್ ಬೇಡ ಅಂದಾಗಲೂ ಇಳಿಸುವ ಕ್ಯಾಪ್ಟನ್‌ನನ್ನು ಆ ಪರೀಕ್ಷೆಯಲ್ಲೇ ಫೇಲ್ ಮಾಡಬೇಕು. ಬೇಡ ಅನ್ನಲು ಹೆದರುವ ಕಿರಿಯನನ್ನೂ ಅಷ್ಟೇ.

ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳವರು ಗಲ್ಫ್‌ನಲ್ಲಿದ್ದಾರೆ. ಅವರು ಬಂದಿಳಿಯುವುದು ಇಂಥ ಗುಡ್ಡದ ಮೇಲಿನ ರನ್‌ವೇಗಳಲ್ಲೇ. ಮುಂದಿನ ಸಲ ನಿಮ್ಮ ವಿಮಾನ ಇಳಿಯದೆ ಮೇಲೆದ್ದರೆ ತಡವಾಯಿತೆಂದು ಬೈಯಬೇಡಿ. ಒಳಗೆ ಯಾರೋ ಸೀಟಿ ಊದಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ.