ಒತ್ತಕ್ಷರಕ್ಕೆ ಕತ್ತರಿ

ಕನ್ನಡದ ಫಾಂಟು ಭಾರ, ಇಂಗ್ಲಿಷಿನದು ಹಗುರ. ಆದ್ದರಿಂದ ಅಂತರ್ಜಾಲದ ಪುಟಕ್ಕೆ ಏರಿಸುವ ಮೊದಲು ಕನ್ನಡವನ್ನು ಸ್ವಲ್ಪ ಇಳಿಸಬೇಕು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೇಳುವವರು ಬಹಳ ವಿನಯದಿಂದಲೇ ಹೇಳುತ್ತಾರೆ. ಆ ವಿನಯವೇ ನನಗೆ ಸಿಟ್ಟು ತರಿಸುವುದು. ಇಳಿಸುವುದು ಎಂದರೆ ಏನನ್ನು ಇಳಿಸುತ್ತೀರಿ ಎಂದು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ.

ನಮ್ಮೂರಿನ ಹೆಂಗಸರ ಉಳಿತಾಯ ಸಂಘವೊಂದು ತನ್ನದೇ ಪುಟ ಮಾಡಿಸಿತು. ಸಾಲದ ನಿಯಮ, ಕಂತಿನ ದಿನ, ಸದಸ್ಯೆಯರ ಪಟ್ಟಿ ಎಲ್ಲ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವರಲ್ಲಿ ನಾನೂ ಒಬ್ಬಳು. ಪುಟವೇನೋ ಬಂತು. ತೆರೆದು ನೋಡಿದರೆ ಅಕ್ಕ ಹೋಗಿ ‘ಅಕ್‌ಕ’ ಆಗಿದ್ದಳು, ಅಮ್ಮ ‘ಅಮ್‌ಮ’ ಆಗಿದ್ದಳು. ಲಕ್ಷ್ಮಿಯಂತೂ ‘ಲಕ್‌ಷ್‌ಮಿ’ ಎಂದು ಮೂರು ತುಂಡಾಗಿ ಬಿದ್ದಿದ್ದಳು. ಮಾಡಿಕೊಟ್ಟ ಹುಡುಗನನ್ನು ಕರೆದು ಕೇಳಿದೆ. “ಮೇಡಂ, ಓದಕ್ಕೆ ಬರುತ್ತಲ್ಲ? ಪೂರ್ತಿ ಫಾಂಟ್ ಹಾಕಿದ್ರೆ ಪುಟ ನಿಧಾನ ಆಗತ್ತೆ” ಎಂದ. ಓದಕ್ಕೆ ಬರುತ್ತಲ್ಲ! ಇಂಗ್ಲಿಷ್ ಹೆಸರಿನ ಮಧ್ಯದಿಂದ ಎರಡು ಅಕ್ಷರ ಕಿತ್ತು ಪಕ್ಕಕ್ಕಿಟ್ಟು, ಓದಕ್ಕೆ ಬರುತ್ತಲ್ಲ ಎಂದು ಯಾವ ಗಿರಾಕಿಯ ಮುಂದಾದರೂ ಹೇಳುವ ಧೈರ್ಯ ಅವನಿಗಿದೆಯೇ?

ಆಗಿದ್ದು ಇಷ್ಟು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ, ಅದರಲ್ಲೂ ಕೆಲವು ಖಾಲಿ. ಅ, ಆ, ಕ, ಖ, ಸ್ವರಚಿಹ್ನೆಗಳು, ಅಂಕಿಗಳಿಗೆಲ್ಲ ಅಲ್ಲಿ ನಂಬರುಂಟು. ಒತ್ತಕ್ಷರಗಳಿಗೆ ಇಲ್ಲ. ಕ-ಕಾರಕ್ಕೆ ಕ-ಒತ್ತು ಕೊಟ್ಟಾಗ ಕೆಳಗೆ ಬಂದು ಕೂರುವ ಆಕಾರ ಫಾಂಟಿನ ಫೈಲಿನೊಳಗೆ ಬೇರೆ ಕಡೆ ಇರುತ್ತದೆ. ‘ಇವೆರಡು ಹೀಗೆ ಸೇರಿದರೆ ಆ ಆಕಾರವನ್ನು ತೆಗೆದುಕೋ’ ಎಂಬ ನಿಯಮವೂ ಅದೇ ಫೈಲಿನಲ್ಲಿರುತ್ತದೆ. ನಂಬರು ಇರುವವರನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಕಸವೆಂದು ಗುಡಿಸಿದರೆ ಒತ್ತಕ್ಷರಗಳೂ ಹೋದವು, ನಿಯಮವೂ ಹೋಯಿತು. ಗುಣಿತದ ಗುಡಿಸೂ ಅಕ್ಷರಕ್ಕೆ ಅಂಟದೆ ಬೇರೆಯಾಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಗುಡಿಸಿದರೆ ಅಂಥ ನಷ್ಟವೇನಿಲ್ಲ. ಇಂಗ್ಲಿಷಿನ ಅಳತೆಯಲ್ಲಿ ಕನ್ನಡಕ್ಕೆ ರವಿಕೆ ಹೊಲಿಯಲು ಹೋದದ್ದೇ ಇಲ್ಲಿನ ಕಥೆ.

ಫೈಲು ಹಗುರವಾಗಬಾರದೆಂದು ನಾನೇನೂ ಹೇಳುತ್ತಿಲ್ಲ. ಹಳ್ಳಿಯ ಮೊಬೈಲಿಗೆ ಸಿಗ್ನಲ್ ಎಷ್ಟು ಬರುತ್ತದೆಂದು ನನಗೂ ಗೊತ್ತು. ಆದರೆ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿಡುವುದು ಬೇರೆ, ಪೆಟ್ಟಿಗೆ ಚಿಕ್ಕದೆಂದು ಸೆರಗು ಕತ್ತರಿಸುವುದು ಬೇರೆ. ಮಡಚುವುದಕ್ಕೆಂದೇ ವಾಫ್ ಎಂಬ ಕ್ರಮವನ್ನು 2012ರಲ್ಲಿ ವಿಶ್ವ ಜಾಲ ಒಕ್ಕೂಟ ಅಧಿಕೃತವಾಗಿ ಒಪ್ಪಿತು. ಇನ್ನೂ ಬಿಗಿಯಾಗಿ ಮಡಚುವ ವಾಫ್ 2ಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಇವುಗಳಲ್ಲಿ ಒಂದು ಆಕಾರವನ್ನೂ ಬಿಡದೆ ಫೈಲನ್ನು ಸಣ್ಣದಾಗಿಸಬಹುದು. ಕತ್ತರಿಸಲೇಬೇಕೆಂದರೂ ಬುದ್ಧಿಯಿರುವ ಕತ್ತರಿಯುಂಟು. ಫಾಂಟ್‌ಟೂಲ್ಸ್ ಎಂಬ ಉಚಿತ ತಂತ್ರಾಂಶಕ್ಕೆ ಬೇಕಾದ ಅಕ್ಷರಗಳನ್ನು ಹೇಳಿದರೆ, ಅವು ಕೂಡಿ ಆಗುವ ಒತ್ತಕ್ಷರಗಳನ್ನು ತಾನೇ ಹುಡುಕಿ ಉಳಿಸಿಕೊಳ್ಳುತ್ತದೆ. ಇಷ್ಟಕ್ಕೂ ಒಂದು ಕನ್ನಡ ಫಾಂಟೆಂದರೆ ಸಾಮಾನ್ಯವಾಗಿ ಕೆಲವು ನೂರು ಕಿಲೋಬೈಟು. ಅದೇ ಪುಟದ ನೆತ್ತಿಯ ಮೇಲೆ ಅಧ್ಯಕ್ಷರು ದೀಪ ಹಚ್ಚುವ ಫೋಟೋ ಹಲವು ಮೆಗಾಬೈಟಿನದು. ಅದು ಯಾರಿಗೂ ಭಾರವಾಗಲಿಲ್ಲ ನೋಡಿ!

ಇನ್ನೊಂದು ಸಂಗತಿ ಕೇಳಿದರೆ ನಿಮಗೂ ನಗು ಬಂದೀತು. ಈಗಿನ ಮೊಬೈಲುಗಳಲ್ಲಿ ಕನ್ನಡ ಫಾಂಟು ಮೊದಲೇ ಇರುತ್ತದೆ. ಆ ಹುಡುಗ ಏನೂ ಮಾಡದೆ ಸುಮ್ಮನಿದ್ದಿದ್ದರೂ ಅಕ್ಕ ಅಕ್ಕನಾಗಿಯೇ ಕಾಣುತ್ತಿದ್ದಳು. ಅಂದಕ್ಕೆಂದು ಬೇರೆ ಫಾಂಟು ತಂದು, ಅದನ್ನು ಹಾಳು ಮಾಡಿ, ಸರಿಯಿದ್ದದ್ದನ್ನು ಕೆಡಿಸಿದ್ದಕ್ಕೆ ಬಿಲ್ಲು ಬೇರೆ.

1997ರ ಸುಮಾರಿಗೆ ಪುಟದ ಜೊತೆಗೇ ಫಾಂಟು ಕಳಿಸುವ ಪ್ರಯತ್ನ ಶುರುವಾದಾಗ ನೆಟ್‌ಸ್ಕೇಪಿನದು ಒಂದು ದಾರಿ, ಮೈಕ್ರೋಸಾಫ್ಟಿನದು ಇನ್ನೊಂದು. ಒಬ್ಬರ ಫೈಲು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಹೇಗೋ ಪುಟ ತರುತ್ತಿದ್ದರು. ಫಾಂಟು ಬಾರದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಗೀಚು. ಆ ಕಾಲಕ್ಕೆ ಅದು ಸಾಹಸ, ಮಾಡಿದವರಿಗೆ ನಮಸ್ಕಾರ. ಆದರೆ ಅದೇ ಹಳೆಯ ಫಾಂಟನ್ನು ಈಗ ವಾಫ್ ಮಾಡಿ ಹೊಸ ಪುಟಕ್ಕೆ ಅಂಟಿಸುವವರನ್ನು ಏನೆನ್ನೋಣ? ನೋಡಲು ಅಚ್ಚ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹುಡುಕಿದರೆ ಸಿಗದು, ನಕಲು ಮಾಡಿ ಗೆಳತಿಗೆ ಕಳಿಸಿದರೆ ತಲೆಬುಡ ತಿಳಿಯದು. ಕಣ್ಣು ಕಾಣದ ಹೆಣ್ಣುಮಗಳ ಮೊಬೈಲು ಅದನ್ನು ಓದಿ ಹೇಳಲು ಹೊರಟರೆ ಗೊಣಗುತ್ತದೆಯೇ ಹೊರತು ಕನ್ನಡ ಆಡುವುದಿಲ್ಲ. ಕಂತಿನ ದಿನ ಯಾವುದೆಂದು ಅವಳು ಇನ್ನೊಬ್ಬರನ್ನೇ ಕೇಳಬೇಕು. ನನ್ನ ತಕರಾರು ಬರೀ ಅಂದಚಂದದ್ದಲ್ಲ.

ದುಡ್ಡಿನ ನೆಪವೂ ನಿಲ್ಲದು. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತವೆ. ರೂಪ ಬದಲಿಸಿ ಪುಟಕ್ಕೆ ಸೇರಿಸಲೂ ಅಡ್ಡಿಯಿಲ್ಲ. ಇವನ್ನು ಬಿಟ್ಟು ಯಾರದೋ ಮಾರಾಟದ ಫಾಂಟನ್ನು ಕದ್ದು ಹಾಕುವುದು ಬೇರೆ ಚಾಳಿ. ಒಂದೊಂದು ಒತ್ತನ್ನೂ ಕೂತು ತಿದ್ದಿ ಬರೆದವರ ಶ್ರಮಕ್ಕೆ ಬೆಲೆಯೇ ಇಲ್ಲವೇ?

ನಿಮ್ಮ ಸಂಘವೋ ಶಾಲೆಯೋ ಹೊಸ ಪುಟ ಮಾಡಿಸಿದರೆ, ಕೊನೆಯ ಕಂತು ಕೊಡುವ ಮೊದಲು ಅವರ ಕಂಪ್ಯೂಟರಿನಲ್ಲಿ ನೋಡಬೇಡಿ, ನಿಮ್ಮ ಮೊಬೈಲಿನಲ್ಲೇ ತೆರೆಯಿರಿ. ಜ್ಯೋತ್ಸ್ನಾ, ಲಕ್ಷ್ಮಿ, ಅನ್ನಪೂರ್ಣಾ, ಗಿರಿಜಾ ಎಂಬ ಹೆಸರುಗಳನ್ನು ಅದರಲ್ಲಿ ಬರೆಸಿ ನೋಡಿ. ಅಲ್ಲಿಂದ ನಕಲು ಮಾಡಿ ನಿಮಗೆ ನೀವೇ ಒಂದು ಸಂದೇಶ ಕಳಿಸಿಕೊಳ್ಳಿ. ಒಂದು ಒತ್ತು ಜಾರಿದ್ದರೂ ಚೆಕ್ಕಿಗೆ ಸಹಿ ಹಾಕಬೇಡಿ.